ಒಲೆಯ ಬದಿಯ ಹಾಡು

ದುಬೈಯ ದೇರಾದಲ್ಲಿ ಒಕ್ತಾಯ್ ಬೇ, ಅಂದರೆ ಒಕ್ತಾಯ್ ಸಾಹೇಬರು, ನಡೆಸುವ ತುರ್ಕಿ ಹೋಟೆಲಿಗೆ ಸಬೀನ ಕೆಲಸ ಕೇಳಿಕೊಂಡು ಹೋದಾಗ, ಅವರು ಮೊದಲು ನೋಡಿದ್ದು ಅವಳ ಅನುಭವವನ್ನಲ್ಲ, ತಲೆಯ ಮೇಲಿನ ಶಾಲನ್ನು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ತುರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕನ ದೊಡ್ಡ ಫೋಟೊ ಇತ್ತು. ನಮ್ಮ ದೇಶದಲ್ಲಿ ಇದು ಬರೀ ಬಟ್ಟೆಯಲ್ಲ, ಒಂದು ಪಕ್ಷದ ಬಾವುಟ ಇದ್ದ ಹಾಗೆ ಎಂದು ಅವರು ವಿವರಿಸಿದರು. ಗಿರಾಕಿಗಳ ಮುಂದೆ ನಿಲ್ಲುವುದಾದರೆ ತೆಗೆಯಬೇಕು ಎಂದರು.

"ಇದು ನನ್ನ ಉಮ್ಮ ಕಲಿಸಿದ ಅಭ್ಯಾಸ ಸರ್. ನಿಮ್ಮ ಊರಿನ ಪಾರ್ಟಿ ನನಗೆ ಗೊತ್ತಿಲ್ಲ. ಇದನ್ನು ತೆಗೆಯುದಿಲ್ಲ" ಎಂದಳು ಸಬೀನ.

ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಆದರೆ ಹೆದರದೆ ಮಾತಾಡುವ ಹೆಂಗಸು ಹಿಡಿಸಿದಳೇನೋ, ಅಡುಗೆಮನೆಯ ಉಸ್ತುವಾರಿಗೆ ಇಟ್ಟುಕೊಂಡರು. ಮಂಗಳೂರು ಕಡೆಯ ಫರಂಗಿಪೇಟೆಯಲ್ಲಿ ಹುಟ್ಟಿ, ಮದುವೆಯಾಗಿ ದುಬೈಗೆ ಬಂದ ಸಬೀನ ಹೀಗೆ ತುರ್ಕರ ನಡುವೆ ಸೇರಿಕೊಂಡಳು. ಒಂದು ರಮಳಾನಿನಲ್ಲಿ, ಇಫ್ತಾರಿನ ನೂಕುನುಗ್ಗಲಿಗೆ ಬಡಿಸುವವರು ಸಾಲದೆ ಅವಳು ತಾನಾಗಿ ಹೊರಗೆ ಬಂದು ನಿಂತಳು. ಬಡಿಸುವ ಕೆಲಸ ಹೂ ಎತ್ತಿದಂತೆ ಸಾಗಿತು. ಮರುದಿನ ಅವಳು ಅಡುಗೆಮನೆಗೆ ಹೊರಟಾಗ ಒಕ್ತಾಯ್ ಬೇ ಸುಮ್ಮನೆ ಗಿರಾಕಿಗಳು ಕೂರುವ ಹಾಲಿನ ಕಡೆ ಕೈ ತೋರಿಸಿದರು. ಶಾಲಿನ ಮಾತು ಅಲ್ಲಿಗೆ ಮುಗಿಯಿತು.

ಅವರು ಸಿಟ್ಟಿನವರು, ಕೆಟ್ಟವರಲ್ಲ. ನಮಾಜಿನ ಹೊತ್ತಿಗೆ ಅವಳನ್ನು ಬಿಡುತ್ತಿದ್ದರು, ತಾವು ಮಾತ್ರ ಮಸೀದಿಯ ಮೆಟ್ಟಿಲು ಹತ್ತಿದವರಲ್ಲ. ಧರ್ಮ ಮನೆಯೊಳಗಿರಬೇಕು, ದೇಶ ಎಲ್ಲರ ಬಾಯಲ್ಲಿರಬೇಕು ಎನ್ನುತ್ತಿದ್ದರು. ಅವರಿಗೆ ಸರೀ ಎದುರು, ತುರ್ಕಿಯ ಕೈಸೇರಿ ಊರಿನಿಂದ ಬಂದು ರತ್ನಗಂಬಳಿ ಮಾರುತ್ತಿದ್ದ ಒಬ್ಬ ವ್ಯಾಪಾರಿ. ದಿನಾ ಊಟಕ್ಕೆ ಅಲ್ಲಿಗೇ ಬರುತ್ತಿದ್ದ. ಸಬೀನಳ ಶಾಲು ಕಂಡರೆ ಅವನಿಗೆ ಸಂತೋಷ. ನೀನು ನಮ್ಮವಳು, ನಿನ್ನ ಯಜಮಾನನದ್ದು ಮಾತ್ರ ದೇವರಿಲ್ಲದ ದಾರಿ ಎಂದು ಅವಳ ಕಿವಿಯಲ್ಲಿ ಹೇಳುತ್ತಿದ್ದ. ಹೆಣ್ಣುಮಕ್ಕಳ ಶಾಲೆ, ಮಸೀದಿ, ಚುನಾವಣೆ ಎಂದು ಇಬ್ಬರೂ ಚಹಾ ಆರುವವರೆಗೆ ಜಗಳವಾಡುತ್ತಿದ್ದರು. ಯಾವುದರಲ್ಲೂ ಒಮ್ಮತ ಬಂದದ್ದನ್ನು ಸಬೀನ ಕಂಡಿರಲಿಲ್ಲ.

ಒಮ್ಮತ ಬಂದದ್ದು ಜಿವಾನನ ವಿಷಯದಲ್ಲಿ. ಜಿವಾನ್ ತುರ್ಕಿಯ ಮಾರ್ದಿನ್ ಕಡೆಯ ಕುರ್ದ್; ಅಲ್ಲಿನ ಸರಕಾರ ಬಹುಕಾಲ ಅದುಮಿಟ್ಟಿದ್ದ ಭಾಷೆ ಅವರದು. ರೊಟ್ಟಿಯ ಒಲೆ ಅವನದು. ಹಿಟ್ಟು ತಟ್ಟುತ್ತ ತನ್ನ ಭಾಷೆಯಲ್ಲಿ ಹಾಡಿಕೊಳ್ಳುವುದು ಅವನ ರೂಢಿ. ಅಕ್ಟೋಬರಿನಲ್ಲಿ, ತುರ್ಕಿಯ ಗಣರಾಜ್ಯ ದಿನದ ಔತಣಕ್ಕೆ ಹೋಟೆಲಿಗೆ ಕೆಂಪು ಬಾವುಟ ಕಟ್ಟುತ್ತಿದ್ದ ಮಧ್ಯಾಹ್ನ, ಆ ಹಾಡು ಹಾಲಿಗೂ ಕೇಳಿಸಿತು. ಜಗಳದಲ್ಲಿದ್ದ ಇಬ್ಬರೂ ತಟ್ಟನೆ ನಿಲ್ಲಿಸಿದರು. ಇದು ತುರ್ಕಿ ಹೋಟೆಲು, ಇಲ್ಲಿ ತುರ್ಕಿ ಭಾಷೆ ಸಾಕು ಎಂದು ಒಕ್ತಾಯ್ ಬೇ ಒಳಗೆ ಹೋಗಿ ಗದರಿದರು. ನಾವೆಲ್ಲ ಮುಸ್ಲಿಮರೇ, ಮತ್ತೆ ಬೇರೆ ಭಾಷೆಯ ಗೊಡವೆ ಯಾಕೆ ಎಂದು ವ್ಯಾಪಾರಿ ತಲೆಯಾಡಿಸಿದ.

ಸಬೀನಳಿಗೆ ಆ ಎರಡನೆಯ ಮಾತು ಹಳೆಯ ಪರಿಚಯ. ಮಂಗಳೂರಿನ ಮದುವೆಗಳಲ್ಲಿ ಮುಸ್ಲಿಮಳಾಗಿ ಉರ್ದು ಬರುವುದಿಲ್ಲವೇ ಎಂದು ಕೇಳಿದವರಿದ್ದರು. ಕನ್ನಡ ಶಾಲೆಯಲ್ಲಿ ನಿನ್ನದು ಮಲಯಾಳವಾ ಎಂದವರಿದ್ದರು. ಮನೆಮಾತು ಬ್ಯಾರಿ ಎಂದರೆ ನಗುತ್ತಿದ್ದರು. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಆದರೂ ಆ ನಗೆ ಅವಳಿಗೆ ನೆನಪಿತ್ತು.

ಅಂದಿನಿಂದ ಜಿವಾನ್ ಮೂಕನಾದ. ಶಾರ್ಜಾದಲ್ಲಿ ಬೇರೆ ಬೇಕರಿ ನೋಡಿಟ್ಟಿದ್ದೇನೆ ಎಂದ. ಕ್ಯಾಶಿನಲ್ಲಿದ್ದ ಕಿನ್ನಿಗೋಳಿಯ ರೆಜಿನಾ ಸಬೀನಳಿಗೆ ಬುದ್ಧಿ ಹೇಳಿದಳು: "ಅವರ ಊರಿನ ರಗಳೆ ನಿನಗೆ ಎಂತಕ್ಕೆ ಮಾರಾಯ್ತಿ? ನಮ್ಮದೇ ಬೇಕಾದಷ್ಟು ಉಂಟು." ಅದೂ ನಿಜವೇ. ಆದರೆ ಸಬೀನಳಿಗೆ ಸಮಾಧಾನವಾಗಲಿಲ್ಲ.

ಅದೇ ವಾರ ಒಕ್ತಾಯ್ ಬೇಯ ತಾಯಿ ಮೆಲಾಹತ್, ತುರ್ಕಿಯ ಸಮುದ್ರದ ದಂಡೆಯ ಐವಾಲಿಕ್ ಊರಿನಿಂದ ಬಂದಿಳಿದರು. ಎಂಬತ್ತು ದಾಟಿದ ಮುದುಕಿ, ಬಾಬ್ ಕಟ್ ಕೂದಲು, ತುಟಿಗೆ ಬಣ್ಣ. ಫ್ಲಾಟಿನಲ್ಲಿ ಕೂತು ಬೇಸರವಾಗಿ ಹೋಟೆಲಿಗೇ ಬಂದು ಕೂತರು. ಸಬೀನ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆಯ ಬದಿಯಲ್ಲಿ ಕುರ್ಚಿ ಹಾಕಿಕೊಟ್ಟಳು. ಅವಳ ಹರಕುಮುರುಕು ತುರ್ಕಿ ಭಾಷೆ ಮುದುಕಿಗೆ ತಮಾಷೆ. ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಸಬೀನ ಹೇಳಿದಳು. ಹಾಗಾದರೆ ಅದರಲ್ಲಿ ಒಂದು ಹಾಡು ಎಂದು ಹಟ ಹಿಡಿದರು. ನಾಚಿಕೆಯಿಂದಲೇ ಸಬೀನ, ಮದುಮಗಳಿಗೆ ಮೈಲಾಂಜಿ, ಅಂದರೆ ಮದರಂಗಿ, ಹಚ್ಚುವಾಗ ಹಾಡುವ ಬ್ಯಾರಿ ಹಾಡನ್ನು ಹಾಡಿದಳು.

"ಈಗ ನೀನು" ಎಂದರು ಮುದುಕಿ, ಜಿವಾನನತ್ತ ತಿರುಗಿ.

ಜಿವಾನ್ ಕೈಯ ಹಿಟ್ಟು ಕೊಡವಿ, ನನ್ನ ಭಾಷೆಗೆ ಇಲ್ಲಿ ಅಪ್ಪಣೆಯಿಲ್ಲ ತಾಯಿ ಎಂದ. ಯಾರ ಅಪ್ಪಣೆ ಎಂದು ಅವರು ಕೇಳಿದರು. ಅವನು ಮತ್ತೆ ಹಿಟ್ಟಿಗೆ ಕೈ ಹಾಕಿದ. ನಿಮ್ಮ ಮಗನದು ಎಂದುಬಿಟ್ಟಳು ಸಬೀನ.

ಮುದುಕಿ ಬೆಂಕಿಯತ್ತ ತಿರುಗಿದರು. ಆಮೇಲೆ ಸಣ್ಣ ದನಿಯಲ್ಲಿ ಹಾಡತೊಡಗಿದರು. ಅದು ತುರ್ಕಿಯಲ್ಲ. ಜಿವಾನನಿಗೂ ತಿಳಿಯಲಿಲ್ಲ. ಹಾಡು ಕೇಳಿ ಒಕ್ತಾಯ್ ಬೇ ಬಾಗಿಲಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಅದು ಗ್ರೀಕ್. ಮೆಲಾಹತ್ ಅವರ ತಾಯಿ ಕ್ರೀಟ್ ದ್ವೀಪದ ಮುಸ್ಲಿಮಳು. ಗ್ರೀಸ್ ಮತ್ತು ತುರ್ಕಿ ಧರ್ಮ ನೋಡಿ ಜನರನ್ನು ಅದಲುಬದಲು ಮಾಡಿಕೊಂಡ ಕಾಲದಲ್ಲಿ, ಒಂದಕ್ಷರ ತುರ್ಕಿ ಬಾರದ ಆ ಹುಡುಗಿ ಹಡಗಿನಲ್ಲಿ ಐವಾಲಿಕ್ಕಿಗೆ ಬಂದಿಳಿದಿದ್ದಳು.

"ಮುಸ್ಲಿಮಳು ಅಂತ ಅಲ್ಲಿಂದ ಓಡಿಸಿದರು. ಗ್ರೀಕ್ ಆಡುತ್ತಾಳೆ ಅಂತ ನಮ್ಮೂರಲ್ಲಿ ಬೈದರು" ಎಂದರು ಮುದುಕಿ ಮಗನಿಗೆ. "ಸಂತೆಯಲ್ಲಿ ಗ್ರೀಕಿನಲ್ಲಿ ಮೀನಿನ ರೇಟು ಕೇಳಿದ್ದಕ್ಕೆ ದಂಡ ಹಾಕಿದ್ದರು ನಿನ್ನ ಅಜ್ಜಿಗೆ. ಮತ್ತೆ ಅವಳು ಬೀದಿಯಲ್ಲಿ ಬಾಯಿ ತೆರೆಯಲಿಲ್ಲ. ನಿನ್ನನ್ನು ಮಲಗಿಸುವಾಗ ಮಾತ್ರ ಹಾಡುತ್ತಿದ್ದಳು, ಬಾಗಿಲು ಹಾಕಿಕೊಂಡು."

ಒಕ್ತಾಯ್ ಬೇಯ ಮುಖ ಸಣ್ಣ ಹುಡುಗನದಾಯಿತು. ಒಲೆಯ ಹತ್ತಿರ ಬಂದು ಜಿವಾನನ ಹೆಗಲು ಮುಟ್ಟಿದರು.

"ಹಾಡು. ರೊಟ್ಟಿ ಮಾತ್ರ ಕರಟಬಾರದು."

ಕ್ಷಮೆ ಕೇಳಿದ್ದು ಅಷ್ಟೇ. ಜಿವಾನನಿಗೆ ಅಷ್ಟು ಸಾಕಾಯಿತು, ಶಾರ್ಜಾಕ್ಕೆ ಹೋಗಲಿಲ್ಲ. ಗಣರಾಜ್ಯ ದಿನದ ಔತಣ ಜೋರಾಗಿಯೇ ಆಯಿತು. ಊಟದ ನಡುವೆ ಮುದುಕಿ ಕೇಳಿದರೆಂದು ಒಕ್ತಾಯ್ ಬೇ ಸ್ಪೀಕರ್ ನಿಲ್ಲಿಸಿ ಜಿವಾನನನ್ನು ಹೊರಗೆ ಕರೆದರು. ಅವನು ಕುರ್ದಿಯಲ್ಲಿ ಹಾಡಿದ. ಒಂದೆರಡು ಮೇಜಿನವರು ಎದ್ದು ಹೋದರು. ರತ್ನಗಂಬಳಿಯ ವ್ಯಾಪಾರಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ, ಆದರೆ ಏಳಲಿಲ್ಲ. ಹೋಗುವಾಗ, ದನಿ ಚೆನ್ನಾಗಿದೆ ಎಂದು ಸಬೀನಳ ಹತ್ತಿರ ಮಾತ್ರ ಒಪ್ಪಿಕೊಂಡ.

ಜನ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಒಕ್ತಾಯ್ ಬೇ ಇವತ್ತಿಗೂ ಕುರ್ದರ ರಾಜಕೀಯ ಎಂದರೆ ಉರಿದುಬೀಳುತ್ತಾರೆ. ಟಿವಿಯಲ್ಲಿ ತಮ್ಮ ದೇಶದ ಶಾಲು ಹೊದ್ದ ಹೆಂಗಸರು ಕಂಡರೆ ಗೊಣಗಿ, ಸಬೀನಳನ್ನು ನೋಡಿ ನಿಲ್ಲಿಸುತ್ತಾರೆ. ಅವಳು ನಗುತ್ತಾಳೆ. ಈಗ ಹೋಟೆಲಿನ ಮ್ಯಾನೇಜರ್ ಅವಳೇ.

ಹೋದ ಚಳಿಗಾಲದಲ್ಲಿ ಜಿವಾನನ ಹೆಂಡತಿ ಮಕ್ಕಳು ಬಂದರು. ಸಬೀನಳ ಗಂಡ ಮೋನು ಅವರಿಗೆ ತಮ್ಮ ಬಿಲ್ಡಿಂಗಿನಲ್ಲೇ ಫ್ಲಾಟು ಹುಡುಕಿಕೊಟ್ಟ. ಶುಕ್ರವಾರ ಎರಡೂ ಮನೆಯವರು ಒಟ್ಟಿಗೆ ಉಣ್ಣುತ್ತಾರೆ. ಸಬೀನಳ ಮಗಳು ಶಿಫಾನಾ ಜಿವಾನನ ಮಕ್ಕಳೊಡನೆ ಇಂಗ್ಲಿಷಿನಲ್ಲೇ ಆಡುತ್ತಾಳೆ, ಜಗಳ ಬಂದರೆ ಮಾತ್ರ ಅವರು ಕುರ್ದಿಯಲ್ಲಿ, ಇವಳು ಬ್ಯಾರಿಯಲ್ಲಿ. ಅಡುಗೆಮನೆಯಲ್ಲಿ ಪತ್ತಿರಿ ಎಂಬ ಅಕ್ಕಿರೊಟ್ಟಿ ಬೇಯಿಸುತ್ತ ಸಬೀನ ಅದನ್ನು ಕೇಳಿಸಿಕೊಳ್ಳುತ್ತಾಳೆ, ಬಿಡಿಸಲು ಹೋಗುವುದಿಲ್ಲ.