ಕಿಟಕಿ ಪಕ್ಕದ ಮೂಲೆ

ಮಾರಾಟಕ್ಕಿರುವ ಮನೆಗಳ ಫೋಟೊ ತೆಗೆಯುವುದು ಆಕೆಯ ಕಸುಬು. ಮನೆಯವರು ಇಟ್ಟ ಹೆಸರು ಅನುಮಾನದಕ್ಕ. ಆಕೆಯ ತಮ್ಮ ಕೊಳ್ಳಲು ಹೊರಟ ಮನೆಯನ್ನು ದಲ್ಲಾಳಿ ಮೂರು ಸಲವೂ ನಡುಮಧ್ಯಾಹ್ನವೇ ತೋರಿಸಿದ್ದ, ಅದೂ ದೊಡ್ಡ ಕಿಟಕಿ ತೆರೆದಿಟ್ಟು. ಅದೇ ಆಕೆಗೆ ಸರಿಬರಲಿಲ್ಲ. ಬಿಸಿಲಿಗೆ ಕಣ್ಣು ಕೋರೈಸಿದರೆ ಪಕ್ಕದ ಮೂಲೆ ಯಾರಿಗೆ ಕಾಣುತ್ತದೆ?

ನಾಲ್ಕನೆಯ ಸಲ ಆಕೆಯೂ ಹೋದಳು. ಚೀಲದಿಂದ ಕ್ಯಾಮೆರಾ ತೆಗೆದದ್ದೇ ತಡ, ದಲ್ಲಾಳಿ, "ಮೊಬೈಲಲ್ಲೇ ತೆಗೀರಿ ಮೇಡಂ, ಸಾಕು" ಎಂದ. ಅನುಮಾನ ಇನ್ನೂ ಬಲಿಯಿತು.

"ಒಂದು ಗೋಡೆಗೆ ಇಷ್ಟು ದೊಡ್ಡ ಕ್ಯಾಮೆರಾ ಬೇಕಾ ಅಕ್ಕಾ?" ತಮ್ಮ ನಕ್ಕ.

"ಮೋಡ ಇದ್ದಾಗ ಬಯಲಲ್ಲಿ ತೆಗೆಯೋಕೆ ಯಾವುದಾದ್ರೂ ಆಗುತ್ತೆ ಕಣೋ. ಬಿಸಿಲು, ಕತ್ತಲು ಒಟ್ಟಿಗೇ ಇದ್ರೆ ಎರಡನ್ನೂ ಹಿಡಿಯೋ ಡೈನಾಮಿಕ್ ರೇಂಜ್ ಬೇಕು. ಬೆಳ್ಳಗಿರೋದೆಲ್ಲ ಹಾಲಲ್ಲ."

ಮನೆಗೆ ಬಂದು ಕಂಪ್ಯೂಟರಿನಲ್ಲಿ ಚಿತ್ರದ ನೆರಳಿನ ಭಾಗವನ್ನಷ್ಟೇ ಬೆಳಗಿಸಿದಳು. ಕಪ್ಪಗಿದ್ದ ಮೂಲೆಯಲ್ಲಿ, ಹೊಸ ಬಣ್ಣದ ಅಡಿಯಿಂದ, ಸೂರಿನಿಂದ ನೆಲದವರೆಗೆ ಇಳಿದ ಬಿರುಕು ಎದ್ದು ಬಂತು. ತಮ್ಮನ ನಗು ನಿಂತಿತು.

ಮರುದಿನ ಅವನೇ ಟಾರ್ಚ್ ಹಿಡಿದು ಹೋಗಿ ಅಲ್ಲಿ ಬೆರಳೊತ್ತಿದ. ಬಣ್ಣ ಉದುರಿ, ಒದ್ದೆ ಗಾರೆ ಕೈಗೆ ಬಂತು. ಮನೆ ಬೇಡವೆಂದು ಅಲ್ಲೇ ಹೇಳಿಬಿಟ್ಟ.

ದಲ್ಲಾಳಿ ಮಾತ್ರ, "ಅದು ಕ್ಯಾಮೆರಾದ ದೋಷ ಸಾರ್" ಎನ್ನುತ್ತ ಗೇಟಿನವರೆಗೂ ಹಿಂದೆಯೇ ಬಂದ.