ಕಾರ್ಬೊರೇಟರಿಗೆ ಕಿವಿಗೊಡುವ ಭಾವ

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಮೋಟಾರ್‌ಸೈಕಲ್ ರಿಪೇರಿ ಮಾಡುತ್ತಾರೆ. ಅವರ ಶೆಡ್ಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಎದೆಮಟ್ಟದ ಒಂದೇ ಗೋಡೆ. ಮನುಷ್ಯರ ಜೊತೆ ಅವರ ಮಾತು ಅಷ್ಟಕ್ಕಷ್ಟೆ. ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿರುವ ಒಳಗಿನ ಹಿತ್ತಾಳೆಯ ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಾಗಂತೂ ಅವರನ್ನು ಕರೆಯುವುದೂ ಒಂದೇ, ಗೋಡೆಯನ್ನು ಕರೆಯುವುದೂ ಒಂದೇ. ಕೂದಲು ತೂರುವುದೂ ಕಷ್ಟ ಎನ್ನುವಂಥ ಆ ತೂತಿನ ದಯೆಯಿಂದ ಇಡೀ ಬಂಡಿ ಓಡುತ್ತದಲ್ಲ, ನನಗದು ಇವತ್ತಿಗೂ ಸೋಜಿಗ. ಎಲ್ಲ ಜೋಡಿಸಿ, ಕಿವಿ ಹತ್ತಿರ ತಂದು, ಸ್ಕ್ರೂ ಒಂದಿಷ್ಟೇ ಇಷ್ಟು ತಿರುಗಿಸುತ್ತಾರೆ. ಕೆಮ್ಮುತ್ತಿದ್ದ ಎಂಜಿನ್ ಹದಕ್ಕೆ ಬರುತ್ತದೆ. ನಾನು ಹೊಲಿಗೆ ನಿಲ್ಲಿಸಿ ಕೇಳುತ್ತೇನೆ.

ಅಂಥ ಭಾವನ ಮಾನ ತೆಗೆದದ್ದು ನರ್ಸಮ್ಮನ ಬಂಡಿ. ಗುಡ್ಡದ ಮೇಲಿನ ಮನೆಗಳಿಗೆ ಹೆರಿಗೆಗೆ ಹೋಗುವವರು ಅವರೊಬ್ಬರೇ. ಏರಿನ ನಡುವೆ ಬಂಡಿ ಗಕ್ಕನೆ ನಿಲ್ಲುತ್ತಿತ್ತು. ತಳ್ಳಿಕೊಂಡು ಶೆಡ್ಡಿಗೆ ತಂದರೆ ಒಂದೇ ಕಿಕ್ಕಿಗೆ ಶುರು! ಭಾವ ಕಾರ್ಬೊರೇಟರ್ ಬಿಚ್ಚಿದರು, ತೊಳೆದರು, ಜೋಡಿಸಿದರು. ಮತ್ತೆ ನಿಂತಿತು. ಮತ್ತೆ ಬಿಚ್ಚಿದರು. ಅತ್ತ ಗುಡ್ಡದ ಮೇಲೆ ನನ್ನ ಮಗಳು ತುಂಬು ಗರ್ಭಿಣಿ. ನನಗೆ ರೇಗಿಹೋಯಿತು.

“ಏನ್ ಭಾವ, ನಿಮ್ಮ ಕೈಗುಣ ಎಲ್ಲಿ ಹೋಯ್ತು? ನನ್ನ ಮಗಳು ನೋವು ತಿಂತಿರ್ವಾಗ ನರ್ಸಮ್ಮ ದಾರೀಲಿ ಬಂಡಿ ತಳ್ತಾ ಇರ್ಬೇಕಾ?”

ಭಾವ ತಲೆ ಎತ್ತಲಿಲ್ಲ. “ಕಾರ್ಬೊರೇಟರಲ್ಲಿ ಏನೂ ಇಲ್ಲಮ್ಮ. ಅದಕ್ಕೇ ಹೆದ್ರಿಕೆ ಆಗ್ತಿದೆ,” ಎಂದರು.

ಮರುದಿನ ಬೆಳಿಗ್ಗೆ, ನಿಂತ ಜಾಗದಲ್ಲೇ ನೋಡಬೇಕು ಎಂದು ನರ್ಸಮ್ಮನ ಹಿಂದೆ ಹತ್ತಿ ಕೂತು ಹೊರಟರು. ಮುಂದಿನದು ನರ್ಸಮ್ಮ ಹೇಳಿದ್ದು.

ಏರಿನಲ್ಲಿ ಬಂಡಿ ನಿಂತಿತು. ಯಾವ ಬಂಡಿಯೇ ಬರಲಿ, ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡುವುದು ಭಾವನ ಅಭ್ಯಾಸ. ಅಲ್ಲೂ ಕೈ ಮುಚ್ಚಳಕ್ಕೇ ಹೋಯಿತಂತೆ. ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡರು. ಮೊದಲು ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದರು. ಒಣ ಒಣ. ಟ್ಯಾಂಕ್ ಅಲ್ಲಾಡಿಸಿದರೆ ಪೆಟ್ರೋಲ್ ತುಳುಕುತ್ತಿದೆ, ಒಂದು ಹನಿಯೂ ಕೆಳಗಿಳಿಯುತ್ತಿಲ್ಲ. ಆಮೇಲೆ ಮುಚ್ಚಳ ತೆಗೆದರು. ಸುಯ್ ಎಂದು ಗಾಳಿ ಒಳಗೆ ನುಗ್ಗಿತು, ಕೆಳಗೆ ಪೆಟ್ರೋಲ್ ಇಳಿಯತೊಡಗಿತು. ಶೆಡ್ಡಿನ ಗದ್ದಲದಲ್ಲಿ ಆ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ.

“ಅಯ್ಯೋ ನನ್ನ ಬುದ್ಧಿಗಿಷ್ಟು! ಪ್ರತಿ ಸಲ ಮುಚ್ಚಳ ತೆಗ್ದು ನಾನೇ ಕಾಯಿಲೆ ವಾಸಿ ಮಾಡ್ತಿದ್ದೆ, ಆಮೇಲೆ ಕಾಯಿಲೆ ಎಲ್ಲಿ ಅಂತ ನಾನೇ ಹುಡುಕ್ತಿದ್ದೆ!” ಎಂದು ಭಾವ ಹಣೆ ಚಚ್ಚಿಕೊಂಡರಂತೆ.

ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಯಾವುದೋ ಪುಟಾಣಿ ಕಣಜದ ಹುಳು ಅದಕ್ಕೆ ಮಣ್ಣು ಮೆತ್ತಿ ಗೂಡು ಮಾಡಿತ್ತು. ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ.

“ಇಲ್ಲೂ ಹೆರಿಗೆ ಮನೇನಾ ಮೇಸ್ತ್ರಿ?” ಎಂದು ನಗುತ್ತಾ ನರ್ಸಮ್ಮ ತಮ್ಮ ಸೀರೆಯ ಪಿನ್ನು ಕೊಟ್ಟರು. ಭಾವ ಅದರಿಂದ ತೂತು ಬಿಡಿಸುತ್ತಿರುವಾಗಲೇ ನರ್ಸಮ್ಮನಿಗೆ ನನ್ನ ಅಳಿಯನ ಫೋನು. ನೋವು ಜೋರಾಗಿಯೇ ಶುರುವಾಗಿತ್ತು.

ಇಬ್ಬರೂ ಹತ್ತಿ ಹೊರಟರು. ಬಂಡಿ ಎಲ್ಲೂ ನಿಲ್ಲಲಿಲ್ಲ.

ಸುದ್ದಿ ತಿಳಿದು ನಾನು ಎದ್ದೆನೋ ಬಿದ್ದೆನೋ ಎಂದು ಮಗಳ ಮನೆ ಮುಟ್ಟುವಷ್ಟರಲ್ಲಿ ಮೊಮ್ಮಗಳು ಬಂದಾಗಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತಂತೆ, ಮಗು ಅಳಲೇ ಇಲ್ಲವಂತೆ. “ಬಳ್ಳಿ ಬಿಡಿಸಿ, ಬಾಯಿ ಮೂಗು ಚೊಕ್ಕ ಮಾಡಿ, ಬೆನ್ನುಜ್ಜಿದೆ. ಇನ್ನೊಂಚೂರು ತಡ ಆಗಿದ್ರೆ ನನ್ ಕೈಲಿ ಆಗ್ತಿರ್ಲಿಲ್ಲ,” ಎಂದರು ನರ್ಸಮ್ಮ. ನಾನು ಮಗುವನ್ನು ಮಡಿಲಿಗೆ ತೆಗೆದುಕೊಂಡೆ.

ಭಾವ ಸೋಪು ಹಚ್ಚಿ ಹಚ್ಚಿ ಕೈ ತೊಳೆದು ಬಂದರು. ಮಗುವನ್ನು ಮುಟ್ಟಲಿಲ್ಲ. ಬಗ್ಗಿ, ಅದರ ಮೂಗಿನ ಹತ್ತಿರ ಕಿವಿ ತಂದು, ಉಸಿರು ಬಿಗಿಹಿಡಿದು ಕೇಳಿದರು. ಇಷ್ಟು ವರ್ಷ ಗೋಡೆಯಾಚೆಯಿಂದ ನೋಡಿದ ಅದೇ ಭಂಗಿ.

“ಗಾಳಿ ಸರಿಯಾಗಿ ಆಡ್ತಿದೆ ಕಣಮ್ಮ,” ಎಂದವರೇ ಅತ್ತುಬಿಟ್ಟರು.

“ಹಾಗಾದ್ರೆ ಏನೂ ಬಿಚ್ಬೇಡಿ ಭಾವ, ಸುಮ್ನೆ ಎತ್ಕೊಳ್ಳಿ,” ಎಂದು ಮಗುವನ್ನು ಅವರ ಕೈಗಿಟ್ಟೆ.