ಎರಡನ್ನು ಬಿಟ್ಟು ಉಳಿದದ್ದೆಲ್ಲ

ಮಕ್ಕಳು ಆಕೆಗೆ ಇಟ್ಟ ಹೆಸರು ‘ಹಾಕ್ಬಹುದಾ ಮಿಸ್’. ಗಣಿತದಲ್ಲಿ ಫಂಕ್ಷನ್ ಪಾಠ ಶುರುವಾದರೆ ಸಾಕು, ಬೋರ್ಡಿನ ಮೇಲಿನ ಎಕ್ಸ್‌ಗೆ ಬೆರಳು ಚುಚ್ಚಿ, “ಇಲ್ಲಿ ಸೊನ್ನೆ ಹಾಕ್ಬಹುದಾ? ಮೈನಸ್ ಮೂರು ಹಾಕ್ಬಹುದಾ?” ಎಂದು ಒಬ್ಬೊಬ್ಬರ ಜೀವ ತಿನ್ನುತ್ತಿದ್ದಳು. ಒಳಗೆ ಹಾಕಬಹುದಾದ ಸಂಖ್ಯೆಗಳೆಲ್ಲ ಡೊಮೇನ್, ಹೊರಗೆ ಬರುವಂಥವೆಲ್ಲ ರೇಂಜ್. ಇಷ್ಟನ್ನು ತಲೆಗೆ ಹತ್ತಿಸಲು ವರ್ಷಗಟ್ಟಲೆ ಗಂಟಲು ಹರಿದುಕೊಂಡರೂ ಆಕೆಯ ಕೆಲಸ ಮಾತ್ರ ತಾತ್ಕಾಲಿಕ. ರಜೆ ಬಂದರೆ ಮನೆಗೆ, ಶಾಲೆ ತೆರೆದರೆ ಮತ್ತೆ ಹೊಸಬಳಂತೆ ಅರ್ಜಿ. ಬೆಂಚು ಮುರಿದರೆ ಮಾರನೇ ದಿನವೇ ಬಡಗಿಗೆ ಹೇಳಿಕಳಿಸುತ್ತಾರೆ. ಪಾಠ ಹೇಳುವವಳ ಬದುಕು ಅತಂತ್ರವಾದರೆ ಯಾರಿಗೂ ಅವಸರವಿಲ್ಲ.

ಆ ದಿನ ಪಾಠ ನೋಡಲು ಪರಿವೀಕ್ಷಕರು ಬರುವವರಿದ್ದರು. ಅವರು ಹೂಂ ಅಂದರೆ ಕೆಲಸ ಖಾಯಂ. ಕೂತಲ್ಲಿ ಕೂರಲಾರದೆ ಸ್ಟಾಫ್ ರೂಮಿನ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದವಳನ್ನು ಕಂಡು ಹೆಡ್‌ಮಾಸ್ಟರು, “ನೆಲ ಸವೆಸ್ಬೇಡಮ್ಮ, ರಿಪೇರಿ ನನ್ನ ತಲೆಗೇ ಬರುತ್ತೆ” ಎಂದು ನಕ್ಕರು. “ಬೇಗ ಮುಗ್ಸು. ನಿನ್ನ ಹಾಕ್ಬಹುದಾ ಗೀಕ್ಬಹುದಾ ಎಲ್ಲ ಇವತ್ತು ಬೇಡ. ಅವ್ರು ಆಕಳಿಸ್ತಾರೆ.”

ಕ್ಲಾಸಿನಲ್ಲಿ ಆಕೆ ಬೋರ್ಡಿನ ಮೇಲೆ ಬರೆದಳು: ಮೇಲೆ ಎಕ್ಸ್ ವರ್ಗ ಮೈನಸ್ ನಾಲ್ಕು, ಕೆಳಗೆ ಎಕ್ಸ್ ಮೈನಸ್ ಎರಡು. ಕೈ ಓಡಿತು. ಮೇಲಿನದನ್ನು ಬಿಡಿಸಿ, ಎರಡೂ ಕಡೆ ಇದ್ದ ಎಕ್ಸ್ ಮೈನಸ್ ಎರಡನ್ನು ಹೊಡೆದುಹಾಕಿ, ಎಕ್ಸ್ ಪ್ಲಸ್ ಎರಡು ಎಂದು ಉಳಿಸಿದಳು. “ಡೊಮೇನ್, ಎಲ್ಲ ಸಂಖ್ಯೆಗಳು. ರೇಂಜೂ ಎಲ್ಲ ಸಂಖ್ಯೆಗಳು.” ಹಿಂದೆ ಕೂತಿದ್ದ ಪರಿವೀಕ್ಷಕರು ತಲೆದೂಗಿದರು. ಪಕ್ಕದಲ್ಲಿದ್ದ ಹೆಡ್‌ಮಾಸ್ಟರ ಮುಖ ಅರಳಿತು.

ಆಗಲೇ ಆಕೆಯ ಕಣ್ಣು ಮುಂದಿನ ಬೆಂಚಿಗೆ ಹೋಯಿತು. ಅಲ್ಲೊಬ್ಬ ಹುಡುಗಿ ‘ಎರಡು ಬಿಟ್ಟು’ ಎಂದು ಆಗಲೇ ಬರೆದುಕೊಂಡಿದ್ದಳು. ಈಗ ಬೋರ್ಡನ್ನೂ ತನ್ನ ಪುಸ್ತಕವನ್ನೂ ನೋಡಿ, ರಬ್ಬರ್ ತೆಗೆದು ಉಜ್ಜತೊಡಗಿದಳು. ತಪ್ಪು ತನ್ನದೇ ಎಂದು ಮಿಸ್‌ಗೆ ಆಗ ಹೊಳೆಯಿತು. ಹಿಂದೆ ಕೂತವರು ಯಾರೂ ಗಮನಿಸಿರಲಿಲ್ಲ. ಸುಮ್ಮನಿದ್ದರೆ ಮುಗಿಯಿತು.

“ಅಳಿಸ್ಬೇಡ ಕಣೇ!” ದನಿ ತಾನಾಗಿ ಜೋರಾಯಿತು. “ನೀನು ಬರ್ದಿದ್ದೇ ಸರಿ. ಹೊಡೆದುಹಾಕೋಕೆ ಮುಂಚೆ ನೋಡ್ಬೇಕಿತ್ತು, ನಾನು ನೋಡ್ಲಿಲ್ಲ. ಎರಡು ಹಾಕಿದ್ರೆ ಕೆಳಗೆ ಸೊನ್ನೆ ಆಗುತ್ತೆ, ಸೊನ್ನೆಯಿಂದ ಭಾಗಿಸೋ ಹಾಗಿಲ್ಲ. ಹಾಗಾಗಿ ಡೊಮೇನಿಂದ ಎರಡು ಹೊರಗೆ. ಎರಡನ್ನ ಹಾಕದೇ ಇದ್ರೆ ನಾಲ್ಕು ಬರೋದಾದ್ರೂ ಎಲ್ಲಿಂದ? ರೇಂಜಿಂದ ನಾಲ್ಕೂ ಹೊರಗೆ.”

“ಗಂಡನನ್ನ ಮನೆಯಿಂದ ಆಚೆ ಹಾಕಿದ್ರೆ ಹೆಂಡ್ತೀನೂ ಗಂಟುಮೂಟೆ ಕಟ್ಟಿದ ಹಾಗೆ, ಮಿಸ್!” ಎಂದಿತು ಹಿಂದಿನ ಬೆಂಚು. ಕ್ಲಾಸೆಲ್ಲ ಘೊಳ್ಳೆಂದಿತು. ಪರಿವೀಕ್ಷಕರು ನಗಲಿಲ್ಲ.

ಹೊರಗೆ ಬಂದ ಮೇಲೆ ಅವರೆಂದರು: “ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆ ಮೇಡಂ. ಆದ್ರೆ ವಿಷಯದ ಮೇಲೆ ಹಿಡಿತ ಸಾಲದು. ಇನ್ನೊಂದು ವರ್ಷ ನೋಡೋಣ.” ತಪ್ಪಿಗೆ ತಲೆದೂಗಿದ ತಲೆಗೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ! ಅದು ಕಾರು ಹತ್ತಿ ಹೋಯಿತು.

“ಬಾಯಿ ಮುಚ್ಕೊಂಡಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?” ಹೆಡ್‌ಮಾಸ್ಟರು ಕೈ ಕೈ ಹಿಸುಕಿಕೊಂಡರು. “ನಾಳೆ ತಿದ್ದಿದ್ರೆ ಆಗ್ತಿರ್ಲಿಲ್ವಾ?”

“ಇವತ್ತು ಅಳಿಸಿದ್ರೆ ನಾಳೆಯಿಂದ ಅವಳು ಯೋಚ್ನೆ ಮಾಡೋದನ್ನೇ ಬಿಡ್ತಿದ್ಲು ಸರ್. ಬೋರ್ಡಲ್ಲಿ ಏನಿದ್ರೆ ಅದನ್ನೇ ಬರ್ಕೊತಿದ್ಲು.”

ಹೇಳಿದಳೇ ಹೊರತು ಸಮಾಧಾನವಾಗಲಿಲ್ಲ. ನಾಳೆ ತಿದ್ದಬಹುದಿತ್ತೇನೋ ಎಂಬ ಹುಳ ತಲೆ ಹೊಕ್ಕು ಕೊರೆಯುತ್ತಿತ್ತು. ಬಸ್‌ಸ್ಟಾಪಿನಲ್ಲಿ ಫೋನ್ ಬಂತು. ಅಮ್ಮ.

“ಏನಾಯ್ತೇ?”

“ಇನ್ನೊಂದು ವರ್ಷ ಅಂತೆ.”

“ಅಯ್ಯೋ! ಏನು ತಪ್ಪು ಮಾಡ್ದೆ?”

“ತಪ್ಪು ಮಾಡಿದ್ದು ನಿಜ ಅಮ್ಮ. ಆದ್ರೆ ಖಾಯಂ ಕೆಲ್ಸ ಕೈ ತಪ್ಪಿದ್ದು ಅದಕ್ಕಲ್ಲ.”